ಬಿಸಿಲಿಗೂ ಗುತ್ತಿಗೆ ಬಂತು

ಚಂದ್ರವಳ್ಳಿಯ ಬಂಡೆಯ ಮೇಲೆ ಶಾಸನವಿದೆ. ಮಯೂರಶರ್ಮ ಕೆರೆ ಕಟ್ಟಿಸಿದನೆಂದು ಬರೆದಿದೆ. ಗೆದ್ದ ರಾಜರ ಪಟ್ಟಿಯೂ ಇದೆ. ಮಣ್ಣು ಹೊತ್ತವರ ಹೆಸರಿಲ್ಲ.

ಈಗ ಅದೇ ದುರ್ಗದ ಸುತ್ತಲ ಗುಡ್ಡಗಳ ನೆತ್ತಿಯ ಮೇಲೆ ಗಾಳಿಯಂತ್ರಗಳು ತಿರುಗುತ್ತಿವೆ. ಹೊಗೆಯಿಲ್ಲದ ಕರೆಂಟು. ಕಲ್ಲಿದ್ದಲು ಸುಡಬೇಕಿಲ್ಲ. ಬೇಡ ಅನ್ನುವವರಲ್ಲ ನಾವು. ಭೂಮಿ ಬಿಸಿಯೇರಿ ಮಳೆ ಕೈಕೊಟ್ಟರೆ ಮೊದಲು ಗುಳೆ ಹೋಗುವವರು ನಾವೇ. ಆದರೆ ಗುಡ್ಡ ಯಾರದು, ಗಾಳಿ ಯಾರದು, ಬಿಸಿಲು ಯಾರದು ಅಂತ ಕೇಳದೆ ಬಿಡುವವರೂ ಅಲ್ಲ.

ಹಿರಿಯೂರು ದಾಟಿ ಪೂರ್ವಕ್ಕೆ ಹೋದರೆ ಪಾವಗಡ. ಅಲ್ಲಿ 13,000 ಎಕರೆಯಲ್ಲಿ 2,050 ಮೆಗಾವಾಟಿನ ಸೋಲಾರ್ ಪಾರ್ಕ್. ಜಮೀನು ಕಿತ್ತುಕೊಂಡಿಲ್ಲ, ಗುತ್ತಿಗೆಗೆ ಪಡೆದಿದ್ದಾರೆ. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರುವಾಯಿತು, ಎರಡು ವರ್ಷಕ್ಕೊಮ್ಮೆ ಏರಿಕೆ. ಬರದ ಸೀಮೆಯ ರೈತನಿಗೆ ಇದು ಸಣ್ಣ ದುಡ್ಡಲ್ಲ, ನಮಗೇನೂ ಹೊಟ್ಟೆಕಿಚ್ಚಿಲ್ಲ. ಆದರೆ ಲೆಕ್ಕವೆಲ್ಲ ಎಕರೆಯದು. ಎಕರೆಯೇ ಇಲ್ಲದವನಿಗೆ? ಆ ಹೊಲಗಳಲ್ಲಿ ಶೇಂಗಾ ಕೀಳುತ್ತಿದ್ದ, ಕಳೆ ತೆಗೆಯುತ್ತಿದ್ದ ಕೂಲಿ ಹೋಯಿತು. ಕುರಿ ಮೇಕೆ ಮೇಯುತ್ತಿದ್ದ ಬಯಲಿಗೆ ಬೇಲಿ ಬಿತ್ತು. ಮಿಕ್ಕಿದ್ದು ಸೋಲಾರ್ ಹಲಗೆ ಒರೆಸುವ, ಹುಲ್ಲು ಕೀಳುವ, ಗೇಟು ಕಾಯುವ ಕೆಲಸ, ಅದೂ ಎಲ್ಲರಿಗಿಲ್ಲ. ಪಹಣಿಯಲ್ಲಿ ಹೆಸರಿಲ್ಲದವನು ಗುತ್ತಿಗೆ ಪತ್ರದಲ್ಲೂ ಇಲ್ಲ. ಕೇರಿಗೆ ಭೂಮಿ ಕೊಡದ ದೇಶ ಬಿಸಿಲನ್ನೂ ಭೂಮಿಯ ಅಳತೆಯಲ್ಲೇ ಹಂಚಿತು!

ಹೊಸದೇನಲ್ಲ. 1902ರಲ್ಲಿ ಶಿವನಸಮುದ್ರದ ಕರೆಂಟು ಹಳ್ಳಿಗಳ ತಲೆ ಮೇಲೆ ಹಾದು ಕೋಲಾರದ ಚಿನ್ನದ ಗಣಿಗೆ ಹೋಯಿತು. ಅದಕ್ಕೂ ಹೊಗೆ ಇರಲಿಲ್ಲ.

ದೆಹಲಿಯ ದೊರೆಗಳು ಲೋಕದ ಸಭೆಗಳಲ್ಲಿ ನ್ಯಾಯದ ಮಾತಾಡುತ್ತಾರೆ. 2021ರಲ್ಲಿ ಗ್ಲಾಸ್ಗೋದಲ್ಲಿ, 2070ರ ಹೊತ್ತಿಗೆ ಇಂಗಾಲದ ಲೆಕ್ಕ ಸೊನ್ನೆಗೆ ತರುತ್ತೇವೆಂದು ಮಾತು ಕೊಟ್ಟು ಬಂದರು. ಬಡದೇಶಗಳ ಮೇಲೆ ಸಮನಾದ ಹೊರೆ ಬೇಡ, ತಲೆಲೆಕ್ಕ ನೋಡಿ ಅಂತಾರೆ. ದಿಟವೇ, ಅಮೆರಿಕದವನೊಬ್ಬ ನಮ್ಮವನೊಬ್ಬನಿಗಿಂತ ಆರೇಳು ಪಟ್ಟು ಇಂಗಾಲ ಬಿಡುತ್ತಾನೆ. ಸರಿ ಸ್ವಾಮಿ, ಆ ತಲೆಲೆಕ್ಕ ಊರಿಗೂ ಕೇರಿಗೂ ನಡುವೆ ಯಾಕೆ ಬರುವುದಿಲ್ಲ? ಸಿಲಿಂಡರ್ ತುಂಬಿಸಲು ದುಡ್ಡಿಲ್ಲದೆ ಇವತ್ತೂ ಒಲೆ ಊದುವ ನಮ್ಮ ಅವ್ವಂದಿರ ಕಣ್ಣಿನ ಹೊಗೆ ಯಾವ ಲೆಕ್ಕಕ್ಕೆ?

ಭಿಕ್ಷೆಯಲ್ಲ, ಪಾಲು ಕೇಳುತ್ತಿದ್ದೇವೆ. ಕರೆಂಟು ಮಾರಿದ ಹಣದಲ್ಲಿ ಭೂಮಿಯಿಲ್ಲದ ಮನೆಗೂ ವರ್ಷವರ್ಷ ಪಾಲು ಬರಲಿ. ಐಟಿಐ ಕಲಿತ ನಮ್ಮ ಹುಡುಗರ ಕೈಗೆ ಪೊರಕೆ ಬೇಡ, ಯಂತ್ರದ ಕೆಲಸ ಕೊಡಿ. ಗೋಮಾಳ ಬರೆದುಕೊಡುವ ಮುಂಚೆ ಕೇರಿಯವರನ್ನು ಕೂರಿಸಿಕೊಂಡು ಗ್ರಾಮಸಭೆ ಮಾಡಿ.

ಮೇಷ್ಟ್ರೇ, ನಿಮ್ಮೂರಿಗೂ ಗುತ್ತಿಗೆ ಕಾಗದ ಬರುತ್ತದೆ. ಬಂದ ದಿನ ಕೇರಿಗೆ ಹೋಗಿ ಅದನ್ನು ಓದಿ ಹೇಳಿ. ಪಹಣಿ ಇಲ್ಲದ ಮನೆಗಳ ಪಟ್ಟಿ ಬರೆಯಿರಿ, ಹೆಸರು ಸಮೇತ.