ಎರಡನೆಯ ಬೀಗದ ಕೈ

ಈ ಸಲ ಒಂದು ಶನಿವಾರದ ಸಂಗತಿಯಿಂದ ಆರಂಭಿಸುತ್ತೇವೆ. ಅಂದು 2024ರ ಮಾರ್ಚ್ 2ನೆಯ ತಾರೀಖು. ಕಚೇರಿಗೆ ರಜೆ. ನಾವು ಎರಡನೆಯ ಲೋಟ ಕಾಫಿಯನ್ನು ಮುಂದಿಟ್ಟುಕೊಂಡು ಕುಳಿತಿದ್ದೆವು. ನೆರೆಮನೆಯ ರಾಯರು ಮೊಬೈಲನ್ನು ಕಾಯಿಲೆಯ ಮಗುವಿನಂತೆ ಎರಡು ಕೈಗಳಲ್ಲಿ ಹಿಡಿದುಕೊಂಡು ಒಳಗೆ ಬಂದರು. ನಿವೃತ್ತರಾದ ಮೇಲೆ ಅವರಿಗೆ ಶೇರುಪೇಟೆಯೇ ನಿತ್ಯದ ಪಾರಾಯಣ.

"ಏನು ಮಾರಾಯ್ರೇ ಇದು? ಶನಿವಾರ ಇಲ್ಲದ ಪೇಟೆ ಇವತ್ತು ಒಂಬತ್ತೂಕಾಲಿಗೆ ತೆರೆಯಿತು, ಹತ್ತಕ್ಕೆ ಮುಚ್ಚಿತು. ನನ್ನ ಮೊಬೈಲು ಕೆಟ್ಟಿದೆಯೋ, ಪೇಟೆಯೇ ಕೆಟ್ಟಿದೆಯೋ, ಸ್ವಲ್ಪ ನೋಡಿ."

"ಎರಡೂ ಸರಿಯಾಗಿವೆ ರಾಯರೇ. ಹನ್ನೊಂದೂವರೆಗೆ ಮತ್ತೆ ಒಂದು ಗಂಟೆ ತೆರೆಯುತ್ತದೆ. ಆದರೆ ಆಗ ವ್ಯವಹಾರ ನಡೆಸುವುದು ಬೇರೆ ಕಡೆಯ ಯಂತ್ರ."

"ಇಲ್ಲಿಯ ಯಂತ್ರಕ್ಕೆ ಏನಾಯಿತು?"

"ಏನೂ ಆಗಿಲ್ಲ."

"ಏನೂ ಆಗದಿದ್ದರೆ ಬದಲಾಯಿಸುವುದು ಯಾಕೆ?"

ರಾಯರ ಈ ಪ್ರಶ್ನೆ ನಮ್ಮ ವಾಚಕರಲ್ಲಿಯೂ ಕೆಲವರಿಗೆ ಬಂದಿರಬಹುದು. ಅದಕ್ಕೆ ನಮಗೆ ತಿಳಿದಷ್ಟು ಉತ್ತರವನ್ನು ಇಲ್ಲಿ ಬರೆಯುತ್ತೇವೆ.

ಮನೆಯ ಬೀಗಕ್ಕೆ ಎರಡು ಕೈಗಳನ್ನು ಮಾಡಿಸಿ, ಒಂದನ್ನು ನಂಬಿಕೆಯ ನೆರೆಯವರಲ್ಲಿ ಇಡುವ ಪದ್ಧತಿ ನಮ್ಮಲ್ಲಿ ಉಂಟಷ್ಟೆ. ಬ್ಯಾಂಕು, ಶೇರುಪೇಟೆ ಮೊದಲಾದ ಹಣದ ಸಂಸ್ಥೆಗಳೂ ಹಾಗೆಯೇ ತಮ್ಮ ಲೆಕ್ಕದ ಯಂತ್ರಗಳ ಇನ್ನೊಂದು ಜೋಡಿಯನ್ನು ದೂರದ ಊರಿನಲ್ಲಿ ಇಟ್ಟಿರುತ್ತವೆ. ಇಲ್ಲಿ ಬೆಂಕಿ ಬಿದ್ದರೆ, ನೆರೆ ಬಂದರೆ, ತಂತಿ ಕಡಿದರೆ, ಅಲ್ಲಿಂದ ಕೆಲಸ ಸಾಗಬೇಕು. ಇಂಗ್ಲಿಷಿನಲ್ಲಿ ಇದಕ್ಕೆ ಡಿಸಾಸ್ಟರ್ ರಿಕವರಿ ಎನ್ನುತ್ತಾರೆ. ಆಪತ್ತಿನಲ್ಲಿಯೂ ವ್ಯವಹಾರ ನಿಲ್ಲದಂತೆ ಮೊದಲೇ ಮಾಡಿಡುವ ಏರ್ಪಾಡು ಎಂದರೆ ಸಾಕು. ಆದರೆ ನೆರೆಯವರಲ್ಲಿ ಇಟ್ಟ ಕೈ ಬೀಗಕ್ಕೆ ಸರಿಯಾಗಿ ಹೊಂದುತ್ತದೆಯೋ ಇಲ್ಲವೋ ಎಂದು ತಿರುಗಿಸಿ ನೋಡಿದವರು ನಮ್ಮಲ್ಲಿ ಎಷ್ಟು ಮಂದಿ? ಆ ಶನಿವಾರ ಪೇಟೆಯವರು ಮಾಡಿದ್ದು ಅದನ್ನೇ.

ಮುಂಬಯಿಯ ಹಿರಿಯ ವಾಚಕರಿಗೆ 1993ರ ಮಾರ್ಚ್ 12, ಶುಕ್ರವಾರ ಮರೆತಿರಲಾರದು. ಮಧ್ಯಾಹ್ನ ಸುಮಾರು ಒಂದೂವರೆಯ ವೇಳೆಗೆ ದಲಾಲ್ ಸ್ಟ್ರೀಟಿನ ಶೇರುಪೇಟೆಯ ಕಟ್ಟಡದ ನೆಲಮಾಳಿಗೆಯಲ್ಲಿ ಬಾಂಬು ಸಿಡಿಯಿತು. ಅಂದು ನಗರದಲ್ಲಿ ಒಂದರ ಮೇಲೊಂದರಂತೆ ನಡೆದ ಸ್ಫೋಟಗಳಲ್ಲಿ ಸತ್ತವರು 257 ಮಂದಿ. ಹಾಗಿದ್ದೂ ಪೇಟೆ ಮರುವಾರವೇ ಮತ್ತೆ ಕೆಲಸಕ್ಕೆ ಇಳಿಯಿತು. ಅದು ಜನರ ಗಟ್ಟಿತನವೆಂಬುದರಲ್ಲಿ ಸಂದೇಹವಿಲ್ಲ. ಇನ್ನೊಂದು ಕಾರಣವೂ ಇತ್ತು. ಆಗಿನ ವ್ಯಾಪಾರ ಬಾಯಿಮಾತಿನದು. ದಲ್ಲಾಳಿಗಳು ಕೂಗಿ ಕೊಳ್ಳುತ್ತಿದ್ದರು, ಕೂಗಿ ಮಾರುತ್ತಿದ್ದರು. ಕೊಂಡವನೂ ಮಾರಿದವನೂ ತಂತಮ್ಮ ಸೌದಾ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದರು. ಒಂದೊಂದು ವ್ಯಾಪಾರಕ್ಕೂ ಎರಡು ಜೇಬುಗಳಲ್ಲಿ ಎರಡು ಸಾಕ್ಷಿ.

ಬ್ಯಾಂಕುಗಳ ಹಳೆಯ ಲೆಡ್ಜರುಗಳೂ ಹೀಗೆಯೇ. ಒಂದು ಶಾಖೆಗೆ ಕೇಡು ಬಂದರೆ ಆ ಶಾಖೆಗಷ್ಟೇ ತೊಂದರೆ. ಈಗ ಹಾಗಲ್ಲ. ಊರೂರಿನ ಶಾಖೆಗಳ ಲೆಕ್ಕವೆಲ್ಲ ಒಂದೇ ಕಡೆ ಇರುವುದರಿಂದ, ಅಲ್ಲಿ ಒಂದು ಎಡವಟ್ಟಾದರೆ ಎಲ್ಲ ಊರುಗಳಲ್ಲಿಯೂ ಗಲ್ಲಾ ಮುಚ್ಚುತ್ತದೆ. 2024ರ ಜುಲೈ ತಿಂಗಳ ಕೊನೆಯಲ್ಲಿ, ಹಲವು ಸಹಕಾರಿ ಮತ್ತು ಗ್ರಾಮೀಣ ಬ್ಯಾಂಕುಗಳಿಗೆ ತಾಂತ್ರಿಕ ಸೇವೆ ಒದಗಿಸುವ ಒಂದೇ ಒಂದು ಸಂಸ್ಥೆಯ ಯಂತ್ರಗಳಿಗೆ ದುಷ್ಟರು ಕೈ ಹಾಕಿದ್ದರಿಂದ, ಸುಮಾರು 300 ಸಣ್ಣ ಬ್ಯಾಂಕುಗಳ ಗಿರಾಕಿಗಳಿಗೆ ಹಣ ಕಳಿಸುವ ದಾರಿ ಮುಚ್ಚಿತ್ತು. ಎಲ್ಲ ಮೊಟ್ಟೆಗಳನ್ನೂ ಒಂದೇ ಕೋಳಿಯ ಕೆಳಗೆ ಇಟ್ಟಂತೆ ಆಯಿತು.

ಆದ್ದರಿಂದಲೇ ಎರಡನೆಯ ಠಾಣೆ ಬೇಕು. ಆದರೆ ಠಾಣೆ ಇದ್ದ ಮಾತ್ರಕ್ಕೆ ಸಾಲದು. 2021ರ ಫೆಬ್ರವರಿ 24ರಂದು ನ್ಯಾಷನಲ್ ಸ್ಟಾಕ್ ಎಕ್ಸ್‌ಚೇಂಜಿನ ವ್ಯಾಪಾರ ಹಗಲು 11-40ಕ್ಕೆ ನಿಂತಿತು. ಸಂಪರ್ಕದ ತಂತಿಗಳಲ್ಲಿ ತೊಡಕು, ಅದರಿಂದ ಯಂತ್ರಗಳಲ್ಲಿ ತೊಡಕು. ಅವರಿಗೆ ಚೆನ್ನೈಯಲ್ಲಿ ಎರಡನೆಯ ಠಾಣೆ ಇತ್ತು. ಆದರೂ ಅಲ್ಲಿಗೆ ಹೊರಳಲಿಲ್ಲ. ವ್ಯಾಪಾರ ಮತ್ತೆ ಆರಂಭವಾದಾಗ ಗಂಟೆ 3-45. ಅಂದು ಐದು ಗಂಟೆಯವರೆಗೆ ಪೇಟೆಯನ್ನು ತೆರೆದಿಡಬೇಕಾಯಿತು. ನಡುವೆ ನಾಲ್ಕು ಗಂಟೆಗಳ ಕಾಲ ದೇಶದ ಜನ ಕೈಕಟ್ಟಿ ಕುಳಿತರು. ರಾಯರಿಗೆ ಆ ದಿನ ಚೆನ್ನಾಗಿ ನೆನಪಿದೆ. ಮಧ್ಯಾಹ್ನದ ಊಟ ಸೇರಲಿಲ್ಲವಂತೆ.

ಮರುತಿಂಗಳೇ, ಅಂದರೆ ಮಾರ್ಚಿನಲ್ಲಿ, ಪೇಟೆಯ ಮೇಲ್ವಿಚಾರಣೆ ನಡೆಸುವ ಸೆಬಿ ನಿಯಮಗಳನ್ನು ಬಿಗಿಗೊಳಿಸಿತು. ಮುಖ್ಯ ವ್ಯವಸ್ಥೆ ಕೆಟ್ಟ 30 ನಿಮಿಷದೊಳಗೆ 'ಇದು ಆಪತ್ತು' ಎಂದು ಸಾರಬೇಕು. ಸಾರಿದ ಮೇಲೆ 45 ನಿಮಿಷದೊಳಗೆ ಕೆಲಸ ಮತ್ತೆ ಸಾಗಬೇಕು. ಏನೇ ಆದರೂ 15 ನಿಮಿಷಕ್ಕಿಂತ ಹೆಚ್ಚಿನ ಲೆಕ್ಕ ಕಳೆದುಹೋಗಕೂಡದು. ಅಷ್ಟೇ ಅಲ್ಲ, ನಿಜವಾದ ವ್ಯವಹಾರವನ್ನೇ ಆಗಾಗ ಎರಡನೆಯ ಠಾಣೆಯಿಂದ ನಡೆಸಿ ತೋರಿಸಬೇಕು.

ಇವುಗಳಲ್ಲಿ ಮೊದಲನೆಯ ನಿಯಮವೇ ಬಹಳ ಕಠಿಣವೆಂದು ಗುಮಾಸ್ತೆಯಾದ ನಮಗೆ ತೋರುತ್ತದೆ. 'ಈಗ ಸರಿಹೋದೀತು, ಇನ್ನು ಹತ್ತು ನಿಮಿಷ ನೋಡೋಣ' ಎನ್ನುವುದು ಮನುಷ್ಯನ ಸ್ವಭಾವ. ನಮ್ಮ ಕಚೇರಿಯಲ್ಲಿ ಮಾಡು ಸೋರುತ್ತದೆಯೆಂದು ಕಾಗದದ ಮೇಲೆ ಒಪ್ಪಿಕೊಳ್ಳಲು ಒಂದು ಮಳೆಗಾಲವೇ ಬೇಕಾಯಿತು. ಇನ್ನು ಎರಡನೆಯ ಪ್ರತಿಯ ವಿಷಯ ಕೇಳಬೇಡಿ. ಮೂಲ ಕಡತವೂ ಅದರ ನಕಲೂ ಒಂದೇ ಕಪಾಟಿನಲ್ಲಿ ಅಕ್ಕಪಕ್ಕದಲ್ಲಿ ಕುಳಿತಿವೆ. ಗೆದ್ದಲಿಗೆ ದೂರ ಹೋಗುವ ಶ್ರಮವಿಲ್ಲ.

ಪ್ರತಿ ಎಷ್ಟು ದೂರದಲ್ಲಿರಬೇಕು? ಎರಡು ಠಾಣೆಗಳು ಭೂಕಂಪದ ಬೇರೆ ಬೇರೆ ವಲಯಗಳಲ್ಲಿದ್ದರೆ ಉತ್ತಮ, ಅದು ಸಾಧ್ಯವಾಗದಿದ್ದರೆ ನಡುವೆ 500 ಕಿಲೋಮೀಟರಾದರೂ ಇರಲಿ ಎನ್ನುತ್ತದೆ ಸೆಬಿ. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರು ಮಳೆ ಬಿತ್ತು. ಇದೇ ನಗರದ ದಕ್ಷಿಣದ ತುದಿಯ ಕೊಲಾಬಾದಲ್ಲಿ 73 ಮಿಲಿಮೀಟರು ಮಾತ್ರ. ಇದನ್ನು ಕಂಡು ಹತ್ತಿಪ್ಪತ್ತು ಮೈಲಿ ಸಾಕೆಂದು ಭ್ರಮಿಸಬಾರದು. ಅಂದು ರೈಲೂ ಇಲ್ಲ, ರಸ್ತೆಯೂ ಇಲ್ಲ. ಕೊಲಾಬಾದಲ್ಲಿ ಪ್ರತಿ ಒಣಗಿದ್ದರೂ ಅದನ್ನು ತೆರೆಯಬೇಕಾದ ಮನುಷ್ಯ ಸಾಂತಾಕ್ರೂಜಿನಲ್ಲಿ ಸೊಂಟದ ನೀರಿನಲ್ಲಿ ನಿಂತಿರುತ್ತಿದ್ದ. ಚೆನ್ನೈಯೂ 2015ರ ಡಿಸೆಂಬರಿನಲ್ಲಿ ಮುಳುಗಿತು. ಆದರೆ ಆ ದಿನ ಮುಂಬಯಿ ಒಣಗಿತ್ತು. ದೂರವಿರುವುದರ ಅರ್ಥ ಇಷ್ಟೇ: ಎರಡಕ್ಕೂ ಒಂದೇ ದಿನ ಕೇಡು ಬಾರದಿರಲಿ.

ಆ ಜುಲೈ 26ರ ವಿಷಯ ಬಂದುದರಿಂದ ನಮ್ಮ ಮನೆಯ ಮಾತನ್ನೂ ಹೇಳಿಬಿಡುತ್ತೇವೆ. ಆಗ ನಾವು ಹತ್ತನೆಯ ತರಗತಿಯಲ್ಲಿದ್ದೆವು. ಕುರ್ಲಾದ ಚಾಳಿನಲ್ಲಿ ವಾಸ. ನಮ್ಮ ತಂದೆಯವರು ಕೆಲಸ ಮುಗಿಸಿ ಬಂದ ಮೇಲೆ ನಮ್ಮವರದೇ ಒಂದು ಸಣ್ಣ ಕ್ರೆಡಿಟ್ ಸೊಸೈಟಿಯ ಲೆಕ್ಕವನ್ನು ಗೌರವಾರ್ಥವಾಗಿ ಬರೆಯುತ್ತಿದ್ದರು. ನೆಲಮಟ್ಟದ ಒಂದು ಕೋಣೆ, ಒಂದು ಮೇಜು, ಒಂದು ಕಪಾಟು. ಲೆಡ್ಜರಿಗೆ ಎರಡನೆಯ ಪ್ರತಿಯನ್ನೂ ಅವರು ಮುತ್ತಿನಂಥ ಅಕ್ಷರಗಳಲ್ಲಿ ಬರೆದಿಡುತ್ತಿದ್ದರು. ಅದೇ ಕಪಾಟಿನ ಕೆಳಗಿನ ಅಂಕಣದಲ್ಲಿ.

ನೀರು ಇಳಿದ ಮೇಲೆ ಬಾಗಿಲು ತೆರೆದಾಗ ಎರಡೂ ಪುಸ್ತಕಗಳು ನೆನೆದ ರೊಟ್ಟಿಯಂತಾಗಿದ್ದವು. ಪುಟ ಎತ್ತಿದರೆ ಕೈಗೆ ಬರುತ್ತಿದ್ದುದು ನೀಲಿ ಕೆಸರು. ಉಳಿದದ್ದು ಒಂದೇ: ಮಾರ್ಚ್ 31ರ ಬಾಕಿಗಳ ಪಟ್ಟಿ. ಅದು ಲೆಕ್ಕಪರಿಶೋಧಕರ ದಾದರಿನ ಮನೆಯಲ್ಲಿತ್ತು. ಅದಕ್ಕೆ ಸದಸ್ಯರ ಪಾಸ್‌ಬುಕ್ಕುಗಳನ್ನು ಸೇರಿಸಿ ಸಮಿತಿಯವರು ಹೊಸ ಲೆಡ್ಜರನ್ನು ಕಟ್ಟಲು ಕುಳಿತರು. ಪಾಸ್‌ಬುಕ್ಕು ಉಳಿದವರಿಗೆ ಒಂದು ಪೈಸೆಯೂ ಹೋಗಲಿಲ್ಲ. ನಮ್ಮ ತಾಯಿಯವರು ನಮ್ಮದನ್ನು ದೇವರ ಗೂಡಿನ ಮೇಲೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿಟ್ಟಿದ್ದರು.

ಚಾಳಿನ ಮೂಲೆಯಲ್ಲಿ ಬೆಳಿಗ್ಗೆ ಇಡ್ಲಿ ಮಾರುತ್ತಿದ್ದ ಅಕ್ಕನೊಬ್ಬಳಿದ್ದಳು. ಗಂಡನಿಲ್ಲ. ದಿನವೂ ಪಿಗ್ಮಿ ಕಟ್ಟುತ್ತಿದ್ದಳು. ಉಡುಪಿಯ ಕಡೆಯವರಿಗೆ ಪಿಗ್ಮಿಯನ್ನು ವಿವರಿಸಬೇಕಾಗಿಲ್ಲ. ಮನೆಬಾಗಿಲಿಗೆ ಬಂದು ದಿನದ ಪುಡಿಗಾಸನ್ನು ಕೂಡಿಸಿಕೊಳ್ಳುವ ಈ ಪದ್ಧತಿಯನ್ನು ಸಿಂಡಿಕೇಟ್ ಬ್ಯಾಂಕು 1928ರಲ್ಲಿಯೇ ಆರಂಭಿಸಿತ್ತು. ಆ ಅಕ್ಕನ ಪಾಸ್‌ಬುಕ್ಕು ಇಡ್ಲಿಪಾತ್ರೆಯ ಜೊತೆಗೆ ನೀರಿನಲ್ಲಿ ಹೋಗಿತ್ತು. ಹಣ ಸಂಗ್ರಹಿಸುವ ಹುಡುಗನ ಚೀಟಿಪುಸ್ತಕವೂ ನೆನೆದಿತ್ತು. ಏಪ್ರಿಲಿನಿಂದ ದಿನಕ್ಕೆ ಇಪ್ಪತ್ತು ರೂಪಾಯಿ ಕಟ್ಟಿದ್ದೇನೆಂದು ಅವಳು. ಹತ್ತೇ ಇದ್ದೀತೆಂದು ಆ ಹುಡುಗ. ಸಮಿತಿಯವರು ಹತ್ತರ ಲೆಕ್ಕವನ್ನು ಒಪ್ಪಿದರು. ಅವಳು ನಮ್ಮ ತಂದೆಯವರ ಮುಂದೆ ಬಂದು, "ಅಣ್ಣಾ, ನಾನು ಸುಳ್ಳು ಹೇಳುವವಳಾ?" ಎಂದಳು. ಅವರು ತಲೆ ಎತ್ತಲಿಲ್ಲ. ಆ ಸೊಸೈಟಿಯಲ್ಲಿ ಕೆಟ್ಟವರು ಯಾರೂ ಇರಲಿಲ್ಲ. ದೂರದಲ್ಲಿದ್ದ ಪ್ರತಿ 117 ದಿನಗಳಷ್ಟು ಹಳೆಯದಾಗಿತ್ತು, ಅಷ್ಟೇ.

ಈಗ ತಂದೆಯವರು ಊರಿನಲ್ಲಿದ್ದಾರೆ. ಆ ಶನಿವಾರ ಸಂಜೆ ಫೋನಿನಲ್ಲಿ ಪೇಟೆಯವರ ಈ ಪರೀಕ್ಷೆಯ ಸಂಗತಿಯನ್ನು ಹೇಳಿದೆವು. ಅವರು ಕೇಳಿದ ಪ್ರಶ್ನೆ ಒಂದೇ.

"ಅಲ್ಲಿಯ ಪ್ರತಿ ಎಷ್ಟು ದಿನ ಹಳೆಯದಿರುತ್ತದೆ ಮಗಾ?"

"ದಿನವಲ್ಲ ಅಪ್ಪಾ, ಹದಿನೈದು ನಿಮಿಷದ ಒಳಗೆ."

ಸ್ವಲ್ಪ ಹೊತ್ತು ಮಾತಿಲ್ಲ. ಬಳಿಕ, "ಶನಿವಾರ ಶನಿವಾರ ಒಂದು ಪುಸ್ತಕವನ್ನು ಮನೆಗೆ ತಂದು ಅಟ್ಟದ ಮೇಲೆ ಇಟ್ಟಿದ್ದರೂ ಸಾಕಿತ್ತು" ಎಂದರು.

ಪುಸ್ತಕ, ಯಂತ್ರಗಳ ಮಾತಾಯಿತು. ಅವುಗಳನ್ನು ತೆರೆಯಬಲ್ಲ ಮನುಷ್ಯರ ಮಾತು ಇನ್ನೂ ಇದೆ. ನ್ಯೂಯಾರ್ಕಿನಲ್ಲಿ 2001ರ ಸೆಪ್ಟೆಂಬರ್ 11ರಂದು ಅವಳಿ ಗೋಪುರಗಳು ಬಿದ್ದಾಗ, ಕ್ಯಾಂಟರ್ ಫಿಟ್ಜ್‌ಜೆರಾಲ್ಡ್ ಎಂಬ ಸಾಲಪತ್ರಗಳ ವ್ಯಾಪಾರದ ಸಂಸ್ಥೆಯೊಂದೇ 658 ನೌಕರರನ್ನು ಕಳೆದುಕೊಂಡಿತು. ಅವರ ಎರಡನೆಯ ಠಾಣೆ ನೆರೆಯ ನ್ಯೂಜೆರ್ಸಿಯಲ್ಲಿ ಸುರಕ್ಷಿತವಾಗಿತ್ತು. ಆದರೆ ಎಷ್ಟೋ ಕಡತಗಳ ಗುಪ್ತಪದಗಳು ಸತ್ತವರ ತಲೆಯಲ್ಲಿ ಹೋಗಿದ್ದವು. ದುಃಖದಲ್ಲಿದ್ದ ಮನೆಗಳಿಗೆ ಫೋನು ಮಾಡಿ, ಮದುವೆಯಾದ ದಿನ ಯಾವುದು, ಓದಿದ ಕಾಲೇಜು ಯಾವುದು, ನಾಯಿಯ ಹೆಸರೇನು ಎಂದು ಕೇಳಿ, ಆ ಗುಪ್ತಪದಗಳನ್ನು ಊಹಿಸಬೇಕಾಯಿತು. ಎರಡು ದಿನಗಳಲ್ಲಿ ಸಾಲಪತ್ರಗಳ ಪೇಟೆ ತೆರೆದಾಗ ಅವರೂ ವ್ಯಾಪಾರಕ್ಕೆ ಸಿದ್ಧರಾಗಿದ್ದರು. ಹಾಗೆ ಕೇಳಿದವರಿಗೂ ಉತ್ತರ ಹೇಳಿದವರಿಗೂ ಆ ಎರಡು ದಿನ ಹೇಗಿದ್ದಿರಬಹುದೆಂದು ಯೋಚಿಸಿದರೆ ಗಂಟಲು ಕಟ್ಟುತ್ತದೆ.

ಊರು ಬಿಟ್ಟು ಬಂದ ನಮ್ಮಂಥ ಕುಟುಂಬಗಳಿಗೆ ಇದು ದೂರದ ಕತೆಯಲ್ಲ. ಮನೆಯ ಹಣವೆಲ್ಲ ಯಜಮಾನರ ಮೊಬೈಲಿನಲ್ಲಿ, ಅದರ ಗುಪ್ತಸಂಖ್ಯೆ ಯಜಮಾನರ ತಲೆಯಲ್ಲಿ. ಬಂಧುಗಳು ಒಂದು ರಾತ್ರಿಯ ಬಸ್ಸಿನಷ್ಟು ದೂರ. ನಮ್ಮ ಮನೆಯಲ್ಲಿ ಕಳೆದ ತಿಂಗಳ ಮೊದಲ ಭಾನುವಾರ ಒಂದು ಪರೀಕ್ಷೆ ಮಾಡಿದೆವು. ನಾವು ಮೊಬೈಲನ್ನು ಮುಚ್ಚಿಟ್ಟು ಬಾಯಿಗೆ ಬೀಗ ಹಾಕಿಕೊಂಡು ಕುಳಿತೆವು. ಬ್ಯಾಂಕಿನ ಪುಸ್ತಕ, ಠೇವಣಿಯ ರಸೀದಿ, ವಿಮೆಯ ಕಾಗದ, ಯಾವ ಖಾತೆಗೆ ಯಾರು ನಾಮಿನಿ ಎಂಬ ವಿವರ, ಇವೆಲ್ಲ ಮನೆಯಾಕೆಗೆ 45 ನಿಮಿಷದೊಳಗೆ ಸಿಗಬೇಕು. ವಿಮೆಯ ಕಾಗದದ ಹೊರತು ಎಲ್ಲವೂ ಸಿಕ್ಕಿದವು. ಅದಿರುವ ಜಾಗವನ್ನು ಬಾಯಿ ತೆರೆದು ಹೇಳಹೋದರೆ, ನಮಗೂ ತಿಳಿದಿರಲಿಲ್ಲ! ಕೊನೆಗೆ ಅದು ಊರಿನಲ್ಲಿ, ತಾಯಿಯವರ ಪೆಟ್ಟಿಗೆಯಲ್ಲಿ, ಹಳೆಯ ಪಂಚಾಂಗಗಳ ನಡುವೆ ಇದೆಯೆಂದು ತಿಳಿಯಿತು. 500 ಕಿಲೋಮೀಟರಿನ ನಿಯಮವನ್ನು ಮಾತ್ರ ನಾವು ಅರಿಯದೆಯೇ ಪಾಲಿಸಿದ್ದೆವು.

ವಾಚಕರಲ್ಲಿ ಅನೇಕರು ಸಂಘದ, ಸೊಸೈಟಿಯ, ದೇವಸ್ಥಾನದ ಸಮಿತಿಗಳಲ್ಲಿ ಇದ್ದೀರಿ. ಬ್ಯಾಂಕಿನ ಠೇವಣಿಗೆ ಐದು ಲಕ್ಷ ರೂಪಾಯಿಯವರೆಗೆ ವಿಮೆ ಉಂಟು. ಕ್ರೆಡಿಟ್ ಸೊಸೈಟಿಯ ಠೇವಣಿಗೆ ಆ ವಿಮೆಯಿಲ್ಲ. ಅಲ್ಲಿ ಬಡವನ ಹಣಕ್ಕೆ ಲೆಕ್ಕದ ಪುಸ್ತಕವೇ ಆಧಾರ. ಆದ್ದರಿಂದ ಮುಂದಿನ ಸಭೆಯಲ್ಲಿ ಕೋಶಾಧಿಕಾರಿಗಳನ್ನು ಸವಿನಯವಾಗಿ ನಾಲ್ಕು ಮಾತು ಕೇಳಿರಿ. ಎರಡನೆಯ ಪ್ರತಿ ಎಲ್ಲಿದೆ? ಅದು ಎಂದಿನದು? ಅದನ್ನು ತೆರೆಯಬಲ್ಲವರು ಇನ್ನು ಯಾರು? ಕಡೆಯ ಸಲ ತೆರೆದು ನೋಡಿದ್ದು ಯಾವಾಗ? ಕೋಪಿಸಿಕೊಂಡರೆ ನಮ್ಮ ಹೆಸರು ಹೇಳಿರಿ.

ರಾಯರು ಅಂದು ಹನ್ನೊಂದೂವರೆಗೆ ಮತ್ತೆ ಮೊಬೈಲು ತೆರೆದರು. ಪೇಟೆ ನಡೆಯುತ್ತಿತ್ತು, ದರಗಳು ಎಂದಿನಂತೆ ಓಡುತ್ತಿದ್ದವು. "ಏನೂ ವ್ಯತ್ಯಾಸ ಕಾಣುವುದಿಲ್ಲವಲ್ಲ ಮಾರಾಯ್ರೇ!" ಎಂದು ಸ್ವಲ್ಪ ನಿರಾಶೆಯಿಂದಲೇ ಹೇಳಿ, ತಣ್ಣಗಾಗಿದ್ದ ಕಾಫಿಯನ್ನು ಕುಡಿದು ಎದ್ದರು. ಮರುದಿನ ಬೆಳಿಗ್ಗೆ ಅವರ ಮನೆಯಾಕೆ ಬಂದು, ನಾವು ಎಷ್ಟೋ ವರ್ಷಗಳಿಂದ ಮೊಳೆಗೆ ತೂಗುಹಾಕಿದ್ದ ಅವರ ಮನೆಯ ಬೀಗದ ಕೈಯನ್ನು ಕೇಳಿ ತೆಗೆದುಕೊಂಡು ಹೋದರು. ತಿರುಗಿಸಿ ನೋಡಿದರೆ ಅದು ಹಳೆಯ ಬೀಗದ್ದಂತೆ. ಸಂಜೆಯ ಹೊತ್ತಿಗೆ ಹೊಸದು ಬಂದು ಮೊಳೆಯ ಮೇಲೆ ಕುಳಿತಿತು.