ನಗು ಒಂದೇ, ನೋಡುವವರು ಬೇರೆ

ಮನೆಗೆ ಬಂದ ನೆಂಟರು ಮಕ್ಕಳನ್ನು ನೋಡಿ ನಗುತ್ತಾರೆ. ಅಕ್ಕ ಓಡಿಬಂದು ಪಕ್ಕದಲ್ಲಿ ಕುಳಿತು ಮಾತಿಗಿಳಿಯುತ್ತಾಳೆ. ತಮ್ಮ ಅಮ್ಮನ ಸೆರಗಿನ ಮರೆಗೆ ಸರಿಯುತ್ತಾನೆ. ‘ಯಾರ ಜೊತೆಯೂ ಬೆರೆಯುವುದಿಲ್ಲ, ಮುಂದೆ ಹೇಗೋ’ ಎಂದು ಅಮ್ಮ ಪೇಚಾಡುತ್ತಾಳೆ. ಒಂದೇ ನಗು ಇಬ್ಬರ ಮೇಲೆ ಬೇರೆ ಬೇರೆ ಪರಿಣಾಮ ಬೀರುವುದೇಕೆ?

ಮಿದುಳಿನ ಒಳಗೆ, ಎಡಕ್ಕೊಂದು ಬಲಕ್ಕೊಂದು, ಬಾದಾಮಿಯಾಕಾರದ ಎರಡು ಪುಟ್ಟ ಭಾಗಗಳಿವೆ. ಇವೇ ಅಮಿಗ್ಡಲ. ಗ್ರೀಕ್ ಭಾಷೆಯಲ್ಲಿ ಈ ಪದಕ್ಕೆ ಬಾದಾಮಿ ಎಂದೇ ಅರ್ಥ. ಕಣ್ಣೆದುರಿನ ಸಂಗತಿ ಅಪಾಯದ್ದೇ, ಗಮನಿಸಬೇಕಾದದ್ದೇ ಎಂದು ಬೇಗನೆ ಗುರುತಿಸುವುದರಲ್ಲಿ ಇವುಗಳ ಪಾತ್ರ ದೊಡ್ಡದು.

ಟರ್ಹಾನ್ ಕಾನ್ಲಿ ಮತ್ತು ಅವರ ಸಂಗಡಿಗರು ಅಮೆರಿಕದಲ್ಲಿ ನಡೆಸಿದ ಪ್ರಯೋಗವೊಂದು 2002ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಪ್ರಶ್ನಾವಳಿಯ ಮೂಲಕ ಪ್ರತಿಯೊಬ್ಬರ ಸ್ವಭಾವವನ್ನು ಅಳೆದು, ಎಫ್‌ಎಂಆರ್‌ಐ ಯಂತ್ರದಲ್ಲಿ ಮಲಗಿಸಿ, ಮುಖಗಳ ಚಿತ್ರ ತೋರಿಸಿದರು. ಮಿದುಳಿನ ಯಾವ ಭಾಗ ಚುರುಕಾಗುವುದೋ ಅಲ್ಲಿಗೆ ಆಮ್ಲಜನಕಯುಕ್ತ ರಕ್ತ ಹೆಚ್ಚಾಗಿ ಹರಿಯುತ್ತದೆ. ಯಂತ್ರ ಗುರುತಿಸುವುದು ಅದನ್ನೇ.

ಹೆದರಿದ ಮುಖ ಕಂಡಾಗ ಸ್ವಭಾವ ಯಾವುದೇ ಇರಲಿ, ಅಮಿಗ್ಡಲ ಎಚ್ಚೆತ್ತಿತು. ಇದು ಸಹಜವೇ. ಪಕ್ಕದವರ ಮುಖದಲ್ಲಿ ಭಯವಿದೆ ಎಂದರೆ ಹತ್ತಿರದಲ್ಲೇ ಹಾವೋ ಬೆಂಕಿಯೋ ಇರಬಹುದು! ಆದರೆ ನಗುಮುಖದ ಲೆಕ್ಕವೇ ಬೇರೆ. ನಾಲ್ಕು ಜನರೊಡನೆ ಬೆರೆಯುವ ಬಹಿರ್ಮುಖಿ ಗುಣ ಹೆಚ್ಚಿದಷ್ಟೂ ಎಡ ಅಮಿಗ್ಡಲದ ಸ್ಪಂದನವೂ ಹೆಚ್ಚಿತ್ತು.

ಹಾಗಾದರೆ ಇದು ಹಣೆಬರಹವೇ? ಅಲ್ಲ. ಪ್ರಯೋಗಕ್ಕೆ ಒಳಗಾದವರು ಕೆಲವೇ ಮಂದಿ. ಮಿದುಳಿನಿಂದ ಸ್ವಭಾವವೋ, ಸ್ವಭಾವದಿಂದ ಮಿದುಳೋ ಎಂಬುದೂ ಇದರಿಂದ ತಿಳಿಯದು. ಮೇಲಾಗಿ, 2008ರಲ್ಲಿ ವಿಲಿಯಂ ಕನಿಂಗ್‌ಹ್ಯಾಂ ಮತ್ತು ಸಂಗಡಿಗರು ಪ್ರಕಟಿಸಿದ ಇನ್ನೊಂದು ಪ್ರಯೋಗದಲ್ಲಿ ಮುಖಗಳ ಬದಲು ಪ್ರಸಿದ್ಧ ವ್ಯಕ್ತಿಗಳ ಹೆಸರುಗಳನ್ನು ತೋರಿಸಲಾಗಿತ್ತು. ‘ಒಳ್ಳೆಯದನ್ನು ಅಳೆಯಿರಿ’ ಎಂದಾಗ ಮೆಚ್ಚಿನವರ ಹೆಸರಿಗೆ ಅಮಿಗ್ಡಲ ಹೆಚ್ಚು ಸ್ಪಂದಿಸಿತು; ‘ಕೆಟ್ಟದ್ದನ್ನು ಅಳೆಯಿರಿ’ ಎಂದಾಗ ಮೆಚ್ಚದವರ ಹೆಸರಿಗೆ. ಅಂದರೆ ಏನನ್ನು ಹುಡುಕಲು ಹೊರಟಿದ್ದೇವೆ ಎಂಬುದೂ ಮಿದುಳಿನ ಸ್ಪಂದನವನ್ನು ಬದಲಿಸಬಲ್ಲದು.

ಸೆರಗಿನ ಮರೆಯ ಹುಡುಗನಿಗೆ ‘ಮುಖೇಡಿ’ ಎಂಬ ಹಣೆಪಟ್ಟಿ ಅಂಟಿಸುವುದು ಸುಲಭ. ಅದರ ಬದಲು ಅವನ ಕೈಗೆ ನೀರಿನ ಲೋಟ ಕೊಟ್ಟು, ‘ಮಾವನಿಗೆ ಕೊಟ್ಟು ಬಾ, ಊರಿನಲ್ಲಿ ಮಳೆ ಆಯಿತೇ ಕೇಳು’ ಎಂದು ಕಳಿಸಿ ನೋಡಬಹುದು. ಕೆಲಸವೊಂದಿದ್ದರೆ ನೆಂಟರ ಮುಖ ನೋಡಲು ಅವನಿಗೂ ಒಂದು ಕಾರಣ ಸಿಗುತ್ತದೆ. ಆಮೇಲೂ ಅವನು ಮಿತಭಾಷಿಯಾಗಿಯೇ ಉಳಿದರೆ ಅದೇನೂ ಕೊರತೆಯಲ್ಲ.