‘ನೈಸರ್ಗಿಕ’ವೆಂದ ಮಾತ್ರಕ್ಕೆ ನಿರ್ದೋಷವೇ?

ವಾಣಿಜ್ಯಗ್ರಾಮದ ಗೃಹಪತಿ ಆನಂದನು ಭಗವಾನ್ ಮಹಾವೀರರ ಸನ್ನಿಧಿಯಲ್ಲಿ ಶ್ರಾವಕವ್ರತಗಳನ್ನು ಸ್ವೀಕರಿಸಿದ ವೃತ್ತಾಂತ ಉಪಾಸಕದಶಾಂಗ ಸೂತ್ರದಲ್ಲಿದೆ. ಹನ್ನೆರಡು ಕೋಟಿ ಹೊನ್ನಿನ ಒಡೆಯನಾಗಿದ್ದ ಆ ಗೃಹಸ್ಥನು ಭೋಗೋಪಭೋಗಗಳಿಗೆ ಮಿತಿ ಹಾಕಿಕೊಂಡಾಗ ತನ್ನ ಮೈಗೆ ತಾಗುವ ಒಂದೊಂದು ವಸ್ತುವನ್ನೂ ಹೆಸರಿಸಿದನು. ಹಲ್ಲುಜ್ಜಲು ಹಸಿ ಜ್ಯೇಷ್ಠಮಧುವಿನ ಕಡ್ಡಿ, ತಲೆಗೆ ನೆಲ್ಲಿಕಾಯಿ, ಅಭ್ಯಂಗಕ್ಕೆ ಶತಪಾಕ ಮತ್ತು ಸಹಸ್ರಪಾಕ ತೈಲ, ಮೈಯುಜ್ಜಲು ಗೋಧಿಹಿಟ್ಟಿನ ಸುಗಂಧಯುಕ್ತ ಉದ್ವರ್ತನ, ಸ್ನಾನಕ್ಕೆ ಎಂಟು ಕೊಡ ನೀರು, ಲೇಪನಕ್ಕೆ ಅಗರು, ಕೇಸರಿ, ಚಂದನ, ಉಳಿದುದೆಲ್ಲವೂ ತ್ಯಾಜ್ಯ. ಇದು ಶ್ವೇತಾಂಬರ ಆಗಮದ ಮಾತು, ಕನ್ನಡನಾಡಿನ ದಿಗಂಬರ ಮನೆಗಳಲ್ಲಿ ಇದರ ಪಠಣವಿಲ್ಲ ಎಂಬುದು ನಿಜ. ಆದರೆ ಭೋಗೋಪಭೋಗ ಪರಿಮಾಣವ್ರತ ಎರಡೂ ಆಮ್ನಾಯಗಳಿಗೆ ಸೇರಿದ್ದು. ಆನಂದನ ತ್ಯಾಗಕ್ಕಿಂತಲೂ ಇಲ್ಲಿ ಗಮನಿಸಬೇಕಾದುದು ಅವನ ತಿಳಿವಳಿಕೆ. ತಾನು ಹಚ್ಚಿಕೊಳ್ಳುತ್ತಿರುವುದು ಏನೆಂದು ಅವನಿಗೆ ಗೊತ್ತಿತ್ತು. ಗೊತ್ತಿಲ್ಲದ ವಸ್ತುವಿಗೆ ಮಿತಿ ಹಾಕಲು ಯಾರಿಗೂ ಸಾಧ್ಯವಿಲ್ಲ.

ಇಂದಿನ ಶ್ರಾವಕನ ಸ್ನಾನಗೃಹದ ಗೂಡನ್ನು ನೋಡಿದರೆ ಸಂಗತಿ ಬೇರೆ. ಈರುಳ್ಳಿ ಬೆಳ್ಳುಳ್ಳಿ ಮನೆಯೊಳಗೆ ಕಾಲಿಡಲಾಗದ, ಸೂರ್ಯಾಸ್ತದ ಬಳಿಕ ಒಲೆ ಹಚ್ಚದ ಮನೆಯಲ್ಲೂ ಅಲ್ಲಿ ಹತ್ತಾರು ಡಬ್ಬಿಗಳು. ಎಲ್ಲದರ ಮೇಲೂ ಹಸಿರೆಲೆಯ ಚಿತ್ರ, ‘ಹರ್ಬಲ್’ ಎಂಬ ಬರಹ. ಒಳಗೇನಿದೆಯೆಂದು ಕೇಳಿದರೆ ದೊರೆಯುವ ಉತ್ತರ ಒಂದೇ: ‘ನೈಸರ್ಗಿಕವಾದುದು, ಹಿಂಸೆಯಿಲ್ಲ, ಅಪಾಯವೂ ಇಲ್ಲ.’ ಈ ಉತ್ತರದ ಎರಡು ಭಾಗಗಳೂ ತಪ್ಪು. ನಿಸರ್ಗದಿಂದ ಬಂದದ್ದೆಲ್ಲ ಅಹಿಂಸಕವಾಗುವುದಾದರೆ ಮಾಂಸಕ್ಕಿಂತ ನೈಸರ್ಗಿಕವಾದುದು ಯಾವುದಿದೆ? ನಿಸರ್ಗದಿಂದ ಬಂದದ್ದೆಲ್ಲ ನಿರಪಾಯವಾಗುವುದಾದರೆ ಗೇರುಬೀಜದ ಸಿಪ್ಪೆಯ ಎಣ್ಣೆಯನ್ನು ಮುಖಕ್ಕೆ ಸವರಿಕೊಳ್ಳಬಹುದು! ಅದು ಕೈಗೆ ತಗುಲಿದರೆ ಚರ್ಮ ಹೇಗೆ ಬೊಬ್ಬೆಯೇಳುವುದೆಂದು ಮೂಡಬಿದಿರೆ, ಕಾರ್ಕಳದ ಕಡೆಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ತುಟಿಗೆ ಹಚ್ಚುವ ಮುಲಾಮಿನಿಂದಲೇ ಪ್ರಾರಂಭಿಸಬಹುದು. ಅದನ್ನು ಗಟ್ಟಿಯಾಗಿಸಲು ಬಳಸುವ ‘ಸೆರಾ ಆಲ್ಬಾ’ ಎಂಬುದು ಬೇರೇನೂ ಅಲ್ಲ, ಜೇನುಮೇಣ. ಮದ್ಯ, ಮಾಂಸ, ಮಧುಗಳ ತ್ಯಾಗ ಜೈನಗೃಹಸ್ಥನ ಮೂಲಗುಣಗಳಲ್ಲಿ ಸೇರಿದೆ. ಮಗುವಿಗೂ ಗೊತ್ತಿರುವ ಮಾತು. ಆದರೂ ‘ಈಗಿನ ಸಾಕಣೆಯಲ್ಲಿ ಜೇನುಹುಳುಗಳು ಸಾಯುವುದಿಲ್ಲವಂತೆ’ ಎಂದು ಸಮಾಧಾನ ಹೇಳುವವರಿದ್ದಾರೆ. ಆಚಾರ್ಯ ಅಮೃತಚಂದ್ರರು ಪುರುಷಾರ್ಥಸಿದ್ಧ್ಯುಪಾಯದಲ್ಲಿ ಈ ಆಕ್ಷೇಪವನ್ನು ಸಾವಿರ ವರ್ಷಗಳ ಹಿಂದೆಯೇ ಊಹಿಸಿದ್ದರು. ತಾನಾಗಿ ತೊಟ್ಟಿಕ್ಕಿದ ಜೇನಾದರೂ, ಉಪಾಯದಿಂದ ಪಡೆದ ಜೇನಾದರೂ ಅದನ್ನು ಆಶ್ರಯಿಸಿದ ಜೀವಿಗಳ ಘಾತದಿಂದ ಹಿಂಸೆ ತಪ್ಪುವುದಿಲ್ಲವೆಂಬುದು ಅವರ ನಿರ್ಣಯ. ಜೇನಿಗೆ ಹೇಳಿದ್ದು ಅದೇ ಹಟ್ಟಿಯ ಮೇಣಕ್ಕೆ ಅನ್ವಯಿಸುವುದಿಲ್ಲವೆಂದು ವಾದಿಸಬೇಕಾದರೆ ವಕೀಲಿಕೆ ಬೇಕು, ಶ್ರದ್ಧೆ ಸಾಲದು.

ತುಟಿಯ ಬಣ್ಣದಲ್ಲಿ ‘ಕಾರ್ಮೈನ್’ ಅಥವಾ ‘ಸಿ.ಐ. 75470’ ಎಂದಿದ್ದರೆ ಅದು ಪಾಪಾಸುಕಳ್ಳಿಯ ಮೇಲೆ ಬದುಕುವ ಕೊಕಿನೀಲ್ ಕೀಟಗಳನ್ನು ಕೊಂದು, ಒಣಗಿಸಿ, ಅರೆದು ತೆಗೆದ ಕೆಂಪು. ಒಂದು ಪೌಂಡ್ ಬಣ್ಣಕ್ಕೆ ಸುಮಾರು 70,000 ಕೀಟಗಳೆಂಬುದು ಸಾಮಾನ್ಯವಾಗಿ ಹೇಳುವ ಲೆಕ್ಕ. ಇದೂ ಅಪ್ಪಟ ನೈಸರ್ಗಿಕ ವರ್ಣವೇ. ಅದರ ಜಾಹೀರಾತೂ ಹಾಗೆಯೇ ಇರುತ್ತದೆ. ‘ಶೆಲ್ಲ್ಯಾಕ್’ ಎಂದರೆ ಅರಗು. ಮರದ ಕೊಂಬೆಯ ಮೇಲೆ ಕೀಟಗಳು ಕಟ್ಟಿದ ಅರಗನ್ನು ಕೆರೆದು ಪುಡಿಮಾಡಿ ಕಾಯಿಸುವಾಗ ಅದರೊಳಗಿನ ಲಕ್ಷಾಂತರ ಜೀವಗಳ ಗತಿ ಏನಾಗುವುದೆಂದು ಪೂರ್ವದ ವರ್ತಕರಿಗೆ ಗೊತ್ತಿತ್ತು. ಶ್ರಾವಕನು ಕೈಹಾಕಬಾರದ ಹದಿನೈದು ಕರ್ಮಾದಾನಗಳಲ್ಲಿ ಲಾಕ್ಷಾವಾಣಿಜ್ಯವೂ ಒಂದೆಂದು ಉಪಾಸಕದಶಾಂಗವೂ ಹೇಮಚಂದ್ರಾಚಾರ್ಯರ ಯೋಗಶಾಸ್ತ್ರವೂ ಹೇಳುತ್ತವೆ. ಮಾರಬಾರದೆಂದು ಹಿರಿಯರು ಬಿಟ್ಟ ವಸ್ತುವನ್ನು ಇಂದು ಮೊಮ್ಮಕ್ಕಳು ಉಗುರಿಗೆ ಹಚ್ಚುತ್ತಿದ್ದಾರೆ. ಅದನ್ನು ಅಂಗಡಿಯಲ್ಲಿಟ್ಟು ಮಾರುತ್ತಿರುವವರಲ್ಲೂ ಜೈನ ವರ್ತಕರು ಇಲ್ಲದಿಲ್ಲ.

ಪಟ್ಟಿ ಇನ್ನೂ ಇದೆ. ಲ್ಯಾನೊಲಿನ್ ಕುರಿಯ ಉಣ್ಣೆಯ ಜಿಡ್ಡು. ಸೋಡಿಯಂ ಟ್ಯಾಲೋಯೇಟ್ ದನ ಕುರಿಗಳ ಕೊಬ್ಬಿನಿಂದಾದ ಸಾಬೂನು. ಕೆರಾಟಿನ್ ಕೊಂಬು, ಗೊರಸು, ಗರಿಗಳದ್ದು. ಸ್ಕ್ವಾಲೀನನ್ನು ಷಾರ್ಕ್ ಮೀನಿನ ಯಕೃತ್ತಿನಿಂದಲೂ ತೆಗೆಯುತ್ತಾರೆ, ಆಲಿವ್ ಎಣ್ಣೆಯಿಂದಲೂ ತೆಗೆಯುತ್ತಾರೆ. ಗ್ಲಿಸರಿನ್, ಸ್ಟಿಯರಿಕ್ ಆಮ್ಲಗಳ ಪಾಡೂ ಅದೇ: ಕೊಬ್ಬಿನಿಂದ ಬಂದದ್ದೋ ತಾಳೆಯೆಣ್ಣೆಯಿಂದ ಬಂದದ್ದೋ ಹೆಸರಿನಿಂದ ತಿಳಿಯದು. ರೇಷ್ಮೆಯ ಪುಡಿಯ ವಿಷಯವನ್ನು ಬಿಡುವುದೇ ಒಳ್ಳೆಯದು. ಬಸದಿಗೆ ಬರುವ ಸೀರೆಗಳನ್ನು ನೋಡಿದ ಮೇಲೆ ಆ ಚರ್ಚೆಗೆ ಬೇರೊಂದು ಸಂಚಿಕೆಯೇ ಬೇಕಾದೀತು.

ಹಸಿರು ಚುಕ್ಕೆ ನೋಡಿ ಕೊಂಡರಾಯಿತಲ್ಲ ಎಂದು ಕೆಲವರು ನಿಶ್ಚಿಂತರಾಗಿದ್ದಾರೆ. 2014ರಲ್ಲಿ ಕೇಂದ್ರ ಸರ್ಕಾರ ಸಾಬೂನು, ಶಾಂಪೂ, ಟೂತ್‌ಪೇಸ್ಟ್ ಮೊದಲಾದವುಗಳ ಮೇಲೂ ಸಸ್ಯಮೂಲಕ್ಕೆ ಹಸಿರು, ಪ್ರಾಣಿಮೂಲಕ್ಕೆ ಕೆಂಪು ಅಥವಾ ಕಂದು ಚುಕ್ಕೆ ಇರಬೇಕೆಂದು ನಿಯಮ ತಂದದ್ದು ಹೌದು. ಅದು ನ್ಯಾಯಾಲಯದ ಮೆಟ್ಟಿಲೇರಿತು. 2021ರ ಹೊತ್ತಿಗೆ, ತಯಾರಕರು ಇಚ್ಛಿಸಿದರೆ ಹಾಕಬಹುದು ಎಂಬಲ್ಲಿಗೆ ವಿಷಯ ಬಂದು ನಿಂತಿತು. ಹಾಕಿದ ಚುಕ್ಕೆಯೂ ಶ್ರಾವಕನ ಚುಕ್ಕೆಯಲ್ಲ. ಆಹಾರದ ನಿಯಮಗಳಲ್ಲಿ ಮಾಂಸಾಹಾರವೆಂಬುದಕ್ಕೆ ಕೊಟ್ಟಿರುವ ವ್ಯಾಖ್ಯೆಯನ್ನೇ ನೋಡಿ: ಪ್ರಾಣಿಮೂಲದ್ದೆಲ್ಲ ಅದರಲ್ಲಿ ಸೇರುತ್ತದೆ, ಆದರೆ ಹಾಲಿನ ಜೊತೆಗೆ ಜೇನು, ಜೇನುಮೇಣ ಮತ್ತು ಶೆಲ್ಲ್ಯಾಕ್‌ಗಳನ್ನು ಹೆಸರು ಹೇಳಿಯೇ ಹೊರಗಿಟ್ಟಿದ್ದಾರೆ. ಎಂದರೆ ಮಧುವಿಗೂ ಲಾಕ್ಷೆಗೂ ಸರ್ಕಾರದ ಕಣ್ಣಿನಲ್ಲಿ ಹಸಿರು ಚುಕ್ಕೆಯೇ ಸಲ್ಲುತ್ತದೆ. ಸರ್ಕಾರವನ್ನು ದೂಷಿಸಿ ಪ್ರಯೋಜನವಿಲ್ಲ, ಅದು ರತ್ನಕರಂಡಕವನ್ನು ಓದಿ ನಿಯಮ ಮಾಡುವುದಿಲ್ಲ. ಓದಬೇಕಾದವರು ಚುಕ್ಕೆಯನ್ನು ನಂಬಿ ಕುಳಿತದ್ದೇ ದೋಷ. ‘ಪ್ರಾಣಿಗಳ ಮೇಲೆ ಪರೀಕ್ಷಿಸಿಲ್ಲ’ ಎಂಬ ಮುದ್ರೆಯೂ ಇಂಥದ್ದೇ. ಪ್ರಸಾಧನಗಳನ್ನು ಹಾಗೆ ಪರೀಕ್ಷಿಸುವುದನ್ನು ಭಾರತದಲ್ಲಿ 2014ರಲ್ಲಿಯೇ ನಿಷೇಧಿಸಲಾಗಿದೆ. ಕಾನೂನು ಮುರಿದಿಲ್ಲವೆಂದು ಹೇಳಿಕೊಳ್ಳುವುದು ಪುಣ್ಯಕಾರ್ಯವೇ? ಡಬ್ಬಿಯೊಳಗೆ ಪ್ರಾಣಿಜನ್ಯ ವಸ್ತು ಇದೆಯೋ ಇಲ್ಲವೋ ಎಂಬುದನ್ನು ಆ ಮುದ್ರೆ ಹೇಳುವುದೇ ಇಲ್ಲ.

ಇನ್ನು ‘ಶೇಕಡ 90 ನೈಸರ್ಗಿಕ’ ಎಂಬ ಲೆಕ್ಕ. ಐಎಸ್‌ಒ 16128 ಎಂಬ ಅಂತರರಾಷ್ಟ್ರೀಯ ಮಾರ್ಗಸೂಚಿಯಲ್ಲಿ ನೀರೂ ನೈಸರ್ಗಿಕ ಘಟಕವೇ. ನೂರು ಗ್ರಾಂ ಲೋಷನ್ನಿನಲ್ಲಿ 75 ಗ್ರಾಂ ನೀರು, 15 ಗ್ರಾಂ ಎಣ್ಣೆ ಇದ್ದರೆ ಶೇಕಡ 90 ಸಿದ್ಧವಾಯಿತು. ಉಳಿದ ಹತ್ತರಲ್ಲಿ ಏನಿದೆಯೆಂಬುದೇ ಚರ್ಮಕ್ಕೆ ಮುಖ್ಯ. (ಆ ನೀರು ಸೋಸಿದ್ದೇ ಎಂದು ಕೇಳುವ ಶ್ರಾವಕರೂ ಇಂದು ವಿರಳ.) ಘಟಕಗಳನ್ನು ಹೆಚ್ಚಿನ ಪ್ರಮಾಣದಿಂದ ಕಡಿಮೆಗೆ ಇಳಿಯುವ ಕ್ರಮದಲ್ಲಿ ಬರೆಯಬೇಕೆಂಬ ನಿಯಮವಿದೆ, ಶೇಕಡ ಒಂದಕ್ಕಿಂತ ಕಡಿಮೆಯಿರುವುದನ್ನು ಹೇಗೆ ಬೇಕಾದರೂ ಬರೆಯಬಹುದು. ಮುಖಪುಟದಲ್ಲಿ ಮೆರೆಯುವ ಕೇಸರಿ, ಚಂದನಗಳು ಪಟ್ಟಿಯ ಬಾಲದಲ್ಲಿದ್ದರೆ ಅರ್ಥ ಸ್ಪಷ್ಟ. 30 ಗ್ರಾಂಗಿಂತ ಚಿಕ್ಕ ಡಬ್ಬಿಗಳಿಗೆ ಪಟ್ಟಿಯಿಂದಲೇ ವಿನಾಯಿತಿ ಇದೆ. ತುಟಿಯ ಮುಲಾಮು, ಕಾಡಿಗೆಗಳೆಲ್ಲ ಈ ಅಳತೆಯೊಳಗೇ ಬರುತ್ತವೆಯಲ್ಲವೇ?

‘ತಿನ್ನುವುದಿಲ್ಲ, ಹೊರಗೆ ಹಚ್ಚುವುದಷ್ಟೇ’ ಎಂಬುದು ಕೊನೆಯ ಸಬೂಬು. ತುಟಿಗೆ ಹಚ್ಚಿದ್ದು ಹೊಟ್ಟೆಗೆ ಹೋಗದೆ ಎಲ್ಲಿಗೆ ಹೋಗುತ್ತದೆ ಎಂಬುದು ಹಾಗಿರಲಿ, ಕೃತ, ಕಾರಿತ, ಅನುಮೋದನಗಳೆಂದು ಹಿಂಸೆಯನ್ನು ವಿಂಗಡಿಸಿದ ಧರ್ಮದಲ್ಲಿ ಹೊಟ್ಟೆಗೊಂದು ನ್ಯಾಯ, ಚರ್ಮಕ್ಕೊಂದು ನ್ಯಾಯ ಎಲ್ಲಿಂದ ಬಂದಿತು? ಹಣ ಕೊಟ್ಟು ಕೊಂಡವನು ಕಾರಿತದಿಂದ ಪಾರಾಗಲಾರ.

ಇಲ್ಲಿ ಒಂದು ಕಟುವಾದ ಮಾತನ್ನೂ ಹೇಳಬೇಕು. ‘ರಾಸಾಯನಿಕ’ವೆಂದು ಹೀಗಳೆಯಲ್ಪಡುವ ಪೆಟ್ರೋಲಿಯಂ ಜೆಲ್ಲಿಗಾಗಿ ಒಂದು ಹುಳುವನ್ನೂ ಹಿಂಡುವುದಿಲ್ಲ. ಜೇನುಮೇಣದ ಮುಲಾಮಿಗಿಂತ ಅದು ಶ್ರಾವಕನಿಗೆ ಹತ್ತಿರ. ಕಾರ್ಮೈನ್‌ಗೆ ಬದಲು ಕಬ್ಬಿಣದ ಆಕ್ಸೈಡಿನ ಕೆಂಪು, ಮೇಣಕ್ಕೆ ಬದಲು ಕಾರ್ನೌಬಾ ಎಂಬ ತಾಳೆಜಾತಿಯ ಎಲೆಯ ಮೇಣ ದೊರೆಯುತ್ತವೆ.

ಸಂರಕ್ಷಕಗಳ ವಿಷಯದಲ್ಲಿ ಅಜ್ಞಾನ ಇನ್ನೂ ದಟ್ಟ. ‘ಪ್ರಿಸರ್ವೇಟಿವ್ ಇಲ್ಲ’ ಎಂದರೆ ಶುದ್ಧವೆಂದು ಭಾವಿಸುತ್ತಾರೆ. ನೀರಿನಂಶವಿರುವ ಲೇಪನದಲ್ಲಿ ಸಂರಕ್ಷಕವಿಲ್ಲದಿದ್ದರೆ ಕೆಲವೇ ದಿನಗಳಲ್ಲಿ ಸೂಕ್ಷ್ಮಜೀವಿಗಳು ಹುಟ್ಟಿ ಬೆಳೆಯುತ್ತವೆ. ಗಾಯಕ್ಕೋ ಕಣ್ಣಿಗೋ ತಗುಲಿದರೆ ಸೋಂಕು. ಹಿಟ್ಟಿಗೆ ಮಳೆಗಾಲದಲ್ಲಿ ಮೂರು ದಿನ, ಬೇಸಗೆಯಲ್ಲಿ ಐದು, ಚಳಿಗಾಲದಲ್ಲಿ ಏಳು ಎಂದು ಮರ್ಯಾದೆ ಕಟ್ಟಿದ ಸಮಾಜಕ್ಕೆ ಇದನ್ನು ವಿವರಿಸಬೇಕಾಗಿ ಬಂದುದು ಸೋಜಿಗ. ಮನೆಯಲ್ಲಿ ಲೋಳೆಸರ ಕಡೆದು ತಿಂಗಳುಗಟ್ಟಲೆ ಸೀಸೆಯಲ್ಲಿಡುವವರು ಜೀವೋತ್ಪತ್ತಿಯ ಮಾತನ್ನು ಅಡುಗೆಮನೆಯಲ್ಲೇ ಬಿಟ್ಟು ಬಂದಿರುತ್ತಾರೆ.

ಅಪಾಯದ ದೃಷ್ಟಾಂತಗಳಿಗೆ ದೂರ ಹೋಗಬೇಕಿಲ್ಲ. ಕೇರಳದ ಮಲಪ್ಪುರಂ ಜಿಲ್ಲೆಯ ವೈದ್ಯರು 2021ರ ಜುಲೈಯಿಂದ 2023ರ ಸೆಪ್ಟೆಂಬರ್‌ವರೆಗೆ ಒಂದು ಬಗೆಯ ಮೂತ್ರಪಿಂಡರೋಗದ 22 ಪ್ರಕರಣಗಳನ್ನು ಪರಿಶೀಲಿಸಿದರು. ಅವುಗಳಲ್ಲಿ 15 ಒಂದೇ ವಿರಳ ಪ್ರಭೇದಕ್ಕೆ ಸೇರಿದ್ದು, ಆ 15 ಮಂದಿಯಲ್ಲಿ 13 ಮಂದಿ ಮುಖ ಬೆಳ್ಳಗಾಗಿಸುವ ಕ್ರೀಮು ಹಚ್ಚುತ್ತಿದ್ದರು. ಇಂಥ ಕ್ರೀಮುಗಳ ಪಾದರಸವೇ ಶಂಕೆಗೆ ಕಾರಣ. ಕಣ್ಣಿನ ಸುತ್ತ ಹಚ್ಚುವವನ್ನು ಬಿಟ್ಟರೆ ಉಳಿದ ಪ್ರಸಾಧನಗಳಲ್ಲಿ ಅರಿಯದೆ ಸೇರಿದ ಪಾದರಸವೂ ಹತ್ತು ಲಕ್ಷದಲ್ಲಿ ಒಂದು ಭಾಗವನ್ನು ಮೀರಬಾರದೆಂದು 2020ರ ಪ್ರಸಾಧನ ನಿಯಮಗಳು ಹೇಳುತ್ತವೆ. ಕಲ್ಲು ಅರೆದು ಮಾಡಿದ ಸುರ್ಮಾದಲ್ಲಿ ಸೀಸ ಇರುವುದುಂಟು. ಆ ಕಲ್ಲೂ ನಿಸರ್ಗದತ್ತವೇ. ‘ಕಪ್ಪು ಮೆಹಂದಿ’ಯ ಕಪ್ಪು ಗೋರಂಟಿ ಎಲೆಯದಲ್ಲ, ಪ್ಯಾರಾ-ಫಿನೈಲೀನ್‌ಡೈಅಮೀನ್ ಎಂಬ ಕೂದಲಿನ ಬಣ್ಣದ್ದು. ಮದುವೆಯ ಮನೆಗಳಲ್ಲಿ ಕೈ ಊದಿಕೊಂಡ ಮದುಮಗಳಂದಿರಿಗೆ ಇದರ ಪರಿಚಯವಿದೆ. ಹೊಸದೇನನ್ನೇ ಹಚ್ಚುವ ಮೊದಲು ಮುಂಗೈಯ ಒಳಭಾಗದಲ್ಲಿ ಸ್ವಲ್ಪ ಸವರಿ ಎರಡು ಮೂರು ದಿನ ನೋಡುವುದು ಕನಿಷ್ಠ ಎಚ್ಚರ.

ಇಲ್ಲಿಯವರೆಗಿನದು ಮನೆಗಳ ಮಾತು. ಬಸದಿಗಳ ಟ್ರಸ್ಟುಗಳಿಗೂ ಕೇಳಬೇಕಾದ ಪ್ರಶ್ನೆಯೊಂದಿದೆ. ಅಭಿಷೇಕದ ಗಂಧೋದಕವನ್ನು ಭಕ್ತರು ಹಣೆಗೆ, ಕಣ್ಣಿಗೆ, ಎಳೆಮಕ್ಕಳ ನೆತ್ತಿಗೆ ಹಚ್ಚುತ್ತಾರೆ. ಅದರಲ್ಲಿ ಕರಗಿರುವ ಅರಿಶಿನ, ಗಂಧ, ಅಷ್ಟಗಂಧ, ಕುಂಕುಮಗಳು ಎಲ್ಲಿಂದ ಬಂದವು? ಶುದ್ಧ ಕುಂಕುಮವೆಂದರೆ ಅರಿಶಿನಕ್ಕೆ ಸುಣ್ಣ ಅಥವಾ ಬಿಳಿಗಾರ ಸೇರಿಸಿ ಕೆಂಪಾಗಿಸಿದ್ದು. ಅಂಗಡಿಯ ಪೊಟ್ಟಣದಲ್ಲಿರುವುದು ಬಹುಮಟ್ಟಿಗೆ ಬಣ್ಣ ಹಾಕಿದ ಪುಡಿ, ಮತ್ತು ಅಂಥ ಬಣ್ಣಗಳಿಂದ ಹಣೆಯ ಚರ್ಮ ಕೆರೆದು ಕಪ್ಪಾಗುವುದನ್ನು ಚರ್ಮವೈದ್ಯರು ದಶಕಗಳಿಂದ ದಾಖಲಿಸಿದ್ದಾರೆ. ಅರಿಶಿನಕ್ಕೆ ಹೊಳಪು ಬರಲೆಂದು ಲೆಡ್ ಕ್ರೋಮೇಟ್ ಬೆರೆಸಿದ್ದು ಪತ್ತೆಯಾಗಿದೆ, ಅದು ಸೀಸ. ‘ಪೂಜೆಗೆ ಮಾತ್ರ’ ಎಂದು ಮುದ್ರಿಸಿದ ಅರಿಶಿನ ಆಹಾರವೆಂದು ಮಾರಾಟವಾಗುವುದಿಲ್ಲವಾದ್ದರಿಂದ ಆಹಾರ ಪರೀಕ್ಷಕರು ಅದರ ಗೊಡವೆಗೆ ಹೋಗುವುದಿಲ್ಲ. ಶ್ರೀಗಂಧದ ತೈಲ ಕಿಲೋಗೆ ಲಕ್ಷ ರೂಪಾಯಿ ದಾಟಿರುವಾಗ ಐವತ್ತು ರೂಪಾಯಿಯ ಪೊಟ್ಟಣದಲ್ಲಿ ಗಂಧ ಹೇಗೆ ಬಂದೀತೆಂದು ಕೂಡಿ ಕಳೆಯಲು ಬಲ್ಲ ಸಮಾಜವೇ ಕೇಳುತ್ತಿಲ್ಲ. ಕಸ್ತೂರಿ, ಪುನುಗುಗಳ ಹೆಸರು ಹೊತ್ತ ಸುಗಂಧಗಳು ನಿಜವಾದವಾಗಿದ್ದರೆ ಹಿಂಸೆ, ಅಲ್ಲದಿದ್ದರೆ ಸುಳ್ಳು. ಎರಡೂ ಜಿನಬಿಂಬದ ಮುಂದೆ ಸಲ್ಲವು.

ಇದಕ್ಕೆ ದೊಡ್ಡ ಯೋಜನೆಯೇನೂ ಬೇಕಿಲ್ಲ. ಗಂಧದ ಕೊರಡು, ಸಾಣೆಕಲ್ಲು ಪ್ರತಿ ಬಸದಿಯಲ್ಲೂ ಇವೆ. ತೇಯುವ ಕೈ ಬೇಕು. ಪಾಲಿಶ್ ಮಾಡದ ಅರಿಶಿನಕೊಂಬನ್ನು ತಂದು ಬೀಸಿಸಿಕೊಳ್ಳಬಹುದು. ಕೊಂಬಿನ ಹಳದಿ ಕೈಗೆ ಮೆತ್ತುವಷ್ಟು ಢಾಳಾಗಿದ್ದರೆ ಬೇಡ. ಪ್ರಸಾಧನಗಳ ಡಬ್ಬಿಯ ಮೇಲೆ ತಯಾರಕನ ವಿಳಾಸ ಇದ್ದೇ ಇರುತ್ತದೆ. ‘ನಿಮ್ಮ ಗ್ಲಿಸರಿನ್‌ನ ಮೂಲವೇನು?’ ಎಂದು ಒಬ್ಬ ಗೃಹಿಣಿ ಬರೆದರೆ ಉತ್ತರ ಬಾರದಿರಬಹುದು, ಟ್ರಸ್ಟಿನ ಲೆಟರ್‌ಹೆಡ್ಡಿನಲ್ಲಿ ಹೋದರೆ ಬರುತ್ತದೆ. ಬಂದ ಉತ್ತರವನ್ನು ಬಸದಿಯ ಫಲಕದಲ್ಲಿ ಹಚ್ಚಬಹುದು. ಟ್ರಸ್ಟಿನ ಉಗ್ರಾಣದ ಪುಸ್ತಕದಲ್ಲಿ ತಾರೀಕು, ತೂಕ, ದರ, ಮೊತ್ತಗಳಿಗೆ ಕಾಲಂಗಳಿವೆ. ‘ಮೂಲ’ ಎಂಬ ಇನ್ನೊಂದು ಕಾಲಂ ಎಳೆಯುವ ಕೆಲಸ ಬರುವ ದಶಲಕ್ಷಣ ಪರ್ವದೊಳಗೆ ಆಗಲಿ. ಅದು ಖಾಲಿಯಿರುವ ಸರಕನ್ನು ಕಾರ್ಯದರ್ಶಿಗಳು ಹಿಂದಕ್ಕೆ ಕಳುಹಿಸಲಿ.